ನೀರುಗಂಟಿ ಹೋದ ಮೇಲೆ ಕೆರೆಗೆ ಬಂದ ಕಾರ್ಖಾನೆ

ಬೇಸಿಗೆಯಲ್ಲಿ ಕೆರೆ ಬತ್ತಿದರೆ ಹಿಂದೆ ಊರಿಗೆಲ್ಲ ಕೈತುಂಬ ಕೆಲಸ. ರೈತರು ಗಾಡಿ ಕಟ್ಟಿಕೊಂಡು ಕೆರೆಯಂಗಳಕ್ಕೆ ಇಳಿಯುತ್ತಿದ್ದರು. ಗೋಡುಮಣ್ಣು ಅಗೆದು ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರವಾಯಿತು, ಕೆರೆಗೆ ಆಳವೂ ಸಿಕ್ಕಿತು. ತೂಬು ಎತ್ತಿ ಗದ್ದೆಗೆ ನೀರು ಬಿಡಲು ನೀರುಗಂಟಿ ಇರುತ್ತಿದ್ದ. ಸುಗ್ಗಿಯಲ್ಲಿ ಅವನಿಗೆ ಇಷ್ಟು ಕಾಳು ಅಂತ ಕೊಡುತ್ತಿದ್ದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಊರಿನ ಕೆರೆ ಸೇರುತ್ತಿತ್ತು. ದೊಡ್ಡ ಹೊಳೆಯಿಲ್ಲದ ಬೆಂಗಳೂರು, ಆನೇಕಲ್ ಸೀಮೆ ಬದುಕಿದ್ದೇ ಹೀಗೆ.

ಬೆಂಗಳೂರಿಗೆ 1894ರಲ್ಲಿ ಹೆಸರಘಟ್ಟದ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿಯದು, 1974ರಲ್ಲಿ ಕಾವೇರಿ. ಮನೆಗೆ ನಲ್ಲಿ ಬಂದ ಮೇಲೆ ಕೆರೆ ಕಡೆ ತಿರುಗಿ ನೋಡುವವರು ಕಡಿಮೆಯಾದರು. ಹಳ್ಳಿ ಕಡೆ ಕೊಳವೆಬಾವಿಯಿಂದಲೂ ಇದೇ ಆಯಿತು. ಬೊಮ್ಮಸಂದ್ರ, ಜಿಗಣಿಯಲ್ಲಿ ಕಾರ್ಖಾನೆಗಳೆದ್ದವು, ಲೇಔಟ್‌ಗಳಾದವು. ಎಷ್ಟೋ ಕೆರೆಗಳಲ್ಲಿ ಏರಿ ಉಳಿಯಿತು, ತೂಬಿನ ಕಲ್ಲುಕಂಬ ಉಳಿಯಿತು, ನೀರು ಬರುವ ದಾರಿ ಮಾತ್ರ ಮುಚ್ಚಿಹೋಯಿತು.

ಆಮೇಲೆ ಬಂದಿದ್ದು 2013ರ ಕಂಪನಿ ಕಾಯ್ದೆ. ದೊಡ್ಡ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಇಡಬೇಕು. ನಾವೆಲ್ಲ ಸಿಎಸ್‌ಆರ್ ಅನ್ನುವುದು ಇದನ್ನೇ. 2014ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಕಾರ್ಖಾನೆಯ ಸುತ್ತಮುತ್ತಲ ಊರುಗಳಿಗೇ ಮೊದಲ ಆದ್ಯತೆ ಕೊಡಿ ಅಂತಲೂ ಈ ಕಾಯ್ದೆ ಹೇಳುತ್ತದೆ. ನನಗೆ ಇಡೀ ಕಾಯ್ದೆಯಲ್ಲಿ ಜಾಸ್ತಿ ಇಷ್ಟವಾದ ಮಾತು ಇದು.

ಬೈಕು, ಕಾರುಗಳ ಇಂಜಿನ್ನಿಗೆ ಕನೆಕ್ಟಿಂಗ್ ರಾಡ್, ರಾಕರ್ ಆರ್ಮ್ ಮಾಡುವ ಸನ್ಸೇರಾ ಇಂಜಿನಿಯರಿಂಗ್ ಈ ಭಾಗದ್ದೇ ಕಂಪನಿ. ಅಲ್ಲಿ ಕೆಲಸಕ್ಕಿದ್ದವರು ಕೊಪ್ಪಳ ಕಡೆಯ ಮೆಕ್ಯಾನಿಕಲ್ ಇಂಜಿನಿಯರ್ ಆನಂದ್ ಮಲ್ಲಿಗವಾಡ್. ಕೆರೆಗೆ ಹಣ ಕೊಡಿ ಎಂದು ಅವರು ಕಂಪನಿಯನ್ನು ಒಪ್ಪಿಸಿದರು. ಆರಿಸಿಕೊಂಡಿದ್ದು ಆನೇಕಲ್ ತಾಲ್ಲೂಕಿನ ಕ್ಯಾಲಸನಹಳ್ಳಿ ಕೆರೆ, 36 ಎಕರೆ.

2017ರ ಬೇಸಿಗೆಯಲ್ಲಿ ಸುಮಾರು 45 ದಿನದಲ್ಲಿ ಹೂಳೆತ್ತಿ ಮುಗಿಸಿದರು. ಹಳೆಯ ಕಾಲದವರು ಕೆರೆ ಕಟ್ಟಿದ ಬಗೆಯನ್ನು ಆನಂದ್ ಓದಿಕೊಂಡಿದ್ದರು. ಹಾಗಾಗಿ ಸಿಮೆಂಟು ಸುರಿಯಲಿಲ್ಲ. ತೆಗೆದ ಮಣ್ಣಿನಿಂದಲೇ ಏರಿ ಬಲಪಡಿಸಿದರು, ಕೆರೆಯ ನಡುವೆ ಹಕ್ಕಿಗಳಿಗೆ ದಿಬ್ಬಗಳನ್ನು ಮಾಡಿದರು. ದಡದಲ್ಲಿ ಸಾವಿರಾರು ಸಸಿ ನೆಟ್ಟರು. ಆ ವರ್ಷದ ಮಳೆಗೇ ಕೆರೆ ತುಂಬಿತು. 2019ರಲ್ಲಿ ಆನಂದ್ ಕೆಲಸ ಬಿಟ್ಟು ಪೂರ್ತಿ ಕೆರೆಗಳಿಗೇ ನಿಂತರು. ವಾಬಸಂದ್ರ, ಕೋನಸಂದ್ರದ ಕೆರೆಗಳಿಗೂ ಅವರು ಕೈಹಾಕಿದ್ದಾರೆ.

ಇದನ್ನು ದಾನ ಅನ್ನಲು ನನಗೆ ಮನಸ್ಸಿಲ್ಲ. ಊರಿನ ಕೊಳವೆಬಾವಿಗೂ ಕೈಗಾರಿಕಾ ಪ್ರದೇಶದ ಕೊಳವೆಬಾವಿಗೂ ನೀರು ಬರುವುದು ಒಂದೇ ನೆಲದಡಿಯಿಂದ ಅಲ್ವಾ? ಕೆರೆ ತುಂಬಿದರೆ ಇಬ್ಬರಿಗೂ ನೀರು.

ಒಂದು ಚಿಂತೆ ಉಳಿದಿದೆ. ಪ್ರತಿ ಮಳೆಗಾಲವೂ ಹೊಸ ಹೂಳು ತರುತ್ತದೆ. ಹೂಳೆತ್ತಲು ಹಣ ಕೊಡುವ ಕಂಪನಿಗಳು ಈಗ ಸಿಗುತ್ತವೆ. ಕಾಲುವೆ ಬಿಡಿಸಿ, ತೂಬು ನೋಡಿಕೊಳ್ಳುವ ಒಬ್ಬ ನೀರುಗಂಟಿಯ ಸಂಬಳವನ್ನೂ ಅವು ಅದೇ ಲೆಕ್ಕದಲ್ಲಿ ಬರೆದುಕೊಳ್ಳಲಿ ಅನ್ನುವುದು ನನ್ನ ಆಸೆ.