ಇಲಿ ಜ್ವರ: ಕೊಳೆಗೇರಿಯ ರಕ್ತ ಹೇಳುವ ಲೆಕ್ಕ

ಇಲಿ ಜ್ವರ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕೆಸರುಗದ್ದೆ. ಮಲೆನಾಡು, ಕರಾವಳಿ, ಮಳೆಗಾಲ, ಬರಿಗಾಲಲ್ಲಿ ನಾಟಿ ಮಾಡುವ ಜನ. ಅದು ಸುಳ್ಳಲ್ಲ. ಉಡುಪಿ, ದಕ್ಷಿಣ ಕನ್ನಡ, ಶಿವಮೊಗ್ಗದ ಕಡೆ ಮಳೆ ಹಿಡಿದರೆ ಈ ಜ್ವರವೂ ಶುರುವಾಗುತ್ತದೆ. ಆದರೆ ಇದರ ಜೊತೆಗೆ ಒಂದು ತಪ್ಪು ತಿಳಿವಳಿಕೆಯೂ ಗಟ್ಟಿಯಾಗಿ ಕೂತುಬಿಟ್ಟಿದೆ. ಇದು ಹಳ್ಳಿಯ ಕಾಯಿಲೆ, ಪೇಟೆಯಲ್ಲಿ ಬಂದರೂ ಎಲ್ಲೋ ಒಬ್ಬರಿಗೆ ಅಂತ. ಈ ನಂಬಿಕೆ ಎಷ್ಟು ತಪ್ಪು ಎಂದು ತೋರಿಸಿದ್ದು ಬ್ರೆಜಿಲ್‌ನ ಒಂದು ಕೊಳೆಗೇರಿ.

ಸಾಲ್ವಡಾರ್ ಬ್ರೆಜಿಲ್‌ನ ಈಶಾನ್ಯ ಕರಾವಳಿಯ ದೊಡ್ಡ ನಗರ. ಅಲ್ಲಿ ಪಾವ್ ದ ಲಿಮಾ ಎಂಬ ಬಡವರ ಬಡಾವಣೆ ಇದೆ. ಗುಡ್ಡದ ಇಳಿಜಾರಿನ ತುಂಬ ಒತ್ತೊತ್ತಾಗಿ ಕಟ್ಟಿದ ಮನೆಗಳು. ಕೆಳಗೆ ಕಣಿವೆಯಲ್ಲಿ ತೆರೆದ ಚರಂಡಿ. ಮಳೆ ಬಂದರೆ ಗುಡ್ಡದ ಮೇಲಿನ ಕೊಳಕೆಲ್ಲ ಇಳಿದು ಕೆಳಗಿನ ಮನೆಗಳ ಬಾಗಿಲಿಗೇ ಬರುತ್ತದೆ. ಬ್ರೆಜಿಲ್‌ನ ಫಿಯೋಕ್ರೂಜ್ ಸಂಸ್ಥೆಯವರು ಮತ್ತು ಆಲ್ಬರ್ಟ್ ಕೋ ಎಂಬ ವೈದ್ಯವಿಜ್ಞಾನಿಯ ತಂಡ ಅಲ್ಲಿ 3,171 ಜನರ ರಕ್ತ ಪರೀಕ್ಷಿಸಿದರು. ಇವರು ಆಸ್ಪತ್ರೆಗೆ ಬಂದ ರೋಗಿಗಳಲ್ಲ. ಮನೆಮನೆಗೆ ಹೋಗಿ ಮಾತಾಡಿಸಿದ ಸಾಮಾನ್ಯ ಜನ. 2008ರಲ್ಲಿ ಫಲಿತಾಂಶ ಪ್ರಕಟವಾಯಿತು. ಶೇಕಡಾ 15.4 ಜನರ ರಕ್ತದಲ್ಲಿ ಇಲಿ ಜ್ವರದ ಬ್ಯಾಕ್ಟೀರಿಯಾಕ್ಕೆ ಎದುರಾಗಿ ದೇಹ ಮಾಡಿಕೊಂಡ ಪ್ರತಿಕಾಯಗಳು ಇದ್ದವು.

ಆರೇಳು ಜನರಲ್ಲಿ ಒಬ್ಬರು! ಬೀದಿಯಲ್ಲಿ ಎರಡು ಮನೆ ದಾಟುವಷ್ಟರಲ್ಲಿ ಸೋಂಕು ತಗುಲಿದ ಒಬ್ಬರು ಸಿಗುತ್ತಾರೆ ಅಂತಾಯಿತು.

ನನಗೆ ಈ ಸಂಶೋಧನೆಯ ಮೇಲೆ ಇಷ್ಟು ಪ್ರೀತಿ ಇರುವುದಕ್ಕೆ ಕಾರಣ ಆ ಒಂದು ಅಂಕಿ ಮಾತ್ರ ಅಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಟ್ಟು ನೋಡಬೇಕು. ಇದೇ ಬಡಾವಣೆಯಲ್ಲಿ ಜ್ವರ ಜೋರಾಗಿ ಆಸ್ಪತ್ರೆ ಸೇರಿದವರು ವರ್ಷಕ್ಕೆ ಒಂದು ಲಕ್ಷಕ್ಕೆ ಸುಮಾರು 20 ಮಂದಿ. ಆಮೇಲೆ ಅದೇ ಜನರನ್ನು ವರ್ಷವರ್ಷವೂ ಮತ್ತೆ ಪರೀಕ್ಷಿಸಿ ಹೊಸದಾಗಿ ಎಷ್ಟು ಜನರಿಗೆ ಸೋಂಕು ತಗುಲುತ್ತಿದೆ ಎಂದು ನೋಡಿದರು. ವರ್ಷಕ್ಕೆ ಸಾವಿರಕ್ಕೆ 35ರಿಂದ 40 ಮಂದಿ! ಲಕ್ಷಕ್ಕೆ ಲೆಕ್ಕ ಹಾಕಿದರೆ ಮೂರೂವರೆ ಸಾವಿರದ ಮೇಲೆ. ಅಂದರೆ ಆಸ್ಪತ್ರೆಯಲ್ಲಿ ಕಾಣುವ ಒಬ್ಬ ರೋಗಿಗೆ ಇನ್ನೂರರ ಆಸುಪಾಸಿನಷ್ಟು ಸೋಂಕುಗಳು ಬೀದಿಯಲ್ಲಿ ಸದ್ದಿಲ್ಲದೆ ಆಗಿಹೋಗುತ್ತಿವೆ. ಅವರಲ್ಲಿ ಹಲವರಿಗೆ ಏನೂ ಆಗಲಿಲ್ಲ. ಕೆಲವರಿಗೆ ನಾಲ್ಕು ದಿನ ಮೈಕೈ ನೋವು, ಜ್ವರ. ವೈರಲ್ ಫೀವರ್ ಅಂದುಕೊಂಡು ಮಾತ್ರೆ ನುಂಗಿ ಕೆಲಸಕ್ಕೆ ಹೋದರು. ಅಷ್ಟೇ.

ಆಗಿಹೋದ ಸೋಂಕನ್ನು ರಕ್ತದಲ್ಲಿ ಹೇಗೆ ಹುಡುಕುತ್ತಾರೆ? ಇದು ನನಗೆ ಬಹಳ ಇಷ್ಟವಾದ ಭಾಗ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಈ ಪರೀಕ್ಷೆಯ ಮೂಲ ರೂಪ 1918ರಷ್ಟು ಹಳೆಯದು. ಮಾರ್ಟಿನ್ ಮತ್ತು ಪೆಟಿಟ್ ಎಂಬಿಬ್ಬರು ಫ್ರಾನ್ಸ್‌ನಲ್ಲಿ ರೂಪಿಸಿದ್ದು. ನೂರು ವರ್ಷ ಕಳೆದರೂ ಇವತ್ತಿಗೂ ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ. ಲ್ಯಾಬ್‌ನಲ್ಲಿ ಇಲಿ ಜ್ವರ ತರುವ ಲೆಪ್ಟೋಸ್ಪೈರಾ ಬ್ಯಾಕ್ಟೀರಿಯಾಗಳನ್ನು ಜೀವಂತವಾಗಿ ಸಾಕಿರುತ್ತಾರೆ. ಇವು ಸುರುಳಿ ಸುತ್ತಿದ ಎಳೆಗಳು. ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗವನ್ನು ಮೈಕ್ರಾನ್ ಎನ್ನುತ್ತೇವಲ್ಲ, ಇವುಗಳ ದಪ್ಪ ಅದರ ಹತ್ತನೇ ಒಂದು ಭಾಗ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಕಾಣುವುದೇ ಇಲ್ಲ. ಹಿನ್ನೆಲೆಯನ್ನು ಕಪ್ಪಾಗಿಸಿ, ಪಕ್ಕದಿಂದ ಬೆಳಕು ಬಿಟ್ಟರೆ ಮಾತ್ರ ಬೆಳ್ಳಗೆ ಹೊಳೆಯುತ್ತಾ, ತಿರುಗುತ್ತಾ ಈಜುವುದು ಕಾಣುತ್ತದೆ. ಇವುಗಳಿಗೆ ನಿಮ್ಮ ರಕ್ತದಿಂದ ತೆಗೆದ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ ಬೆರೆಸುತ್ತಾರೆ. ಅದರಲ್ಲಿ ಪ್ರತಿಕಾಯ ಇದ್ದರೆ ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಅಂಟಿಕೊಂಡು ಗೊಂಚಲಾಗುತ್ತವೆ. ಇಲ್ಲದಿದ್ದರೆ ಸುಮ್ನೆ ಈಜಾಡಿಕೊಂಡಿರುತ್ತವೆ.

ಪ್ರತಿಕಾಯ ಇದೆ ಎಂದು ತಿಳಿದರೆ ಸಾಲದು, ಎಷ್ಟಿದೆ ಎಂದೂ ತಿಳಿಯಬೇಕು. ಮನೆಯಲ್ಲಿ ಮಜ್ಜಿಗೆಗೆ ನೀರು ಬೆರೆಸುವುದನ್ನು ನೆನೆಸಿಕೊಳ್ಳಿ. ಚೆನ್ನಾಗಿ ಹುಳಿ ಬಂದ ಮಜ್ಜಿಗೆಗೆ ಎಷ್ಟು ನೀರು ಸುರಿದರೂ ಹುಳಿ ನಾಲಗೆಗೆ ತಾಗುತ್ತದೆ. ಸಪ್ಪೆ ಮಜ್ಜಿಗೆಗೆ ಒಂದು ಲೋಟ ನೀರು ಹಾಕಿದರೆ ಹುಳಿಯೇ ಮಾಯ. ಇಲ್ಲೂ ಸೀರಮ್ಮನ್ನು ದುಪ್ಪಟ್ಟು, ಅದರ ದುಪ್ಪಟ್ಟು ಎಂದು ತೆಳುವಾಗಿಸುತ್ತಾ ಹೋಗುತ್ತಾರೆ. ನೂರು ಪಟ್ಟು ತೆಳುವಾದರೂ ಬ್ಯಾಕ್ಟೀರಿಯಾ ಗೊಂಚಲಾಯಿತೇ? ಇನ್ನೂರು? ನಾನೂರು? ಯಾವ ಮಟ್ಟದವರೆಗೆ ಗೊಂಚಲು ಕಟ್ಟುತ್ತದೋ ಅದೇ ಆ ರಕ್ತದ ಅಂಕಿ. ಎರಡು ವಾರ ಬಿಟ್ಟು ಮತ್ತೆ ರಕ್ತ ತೆಗೆದಾಗ ಈ ಅಂಕಿ ನಾಲ್ಕು ಪಟ್ಟು ಏರಿದ್ದರೆ ಸೋಂಕು ಈಗಿನದು. ಏರದೆ ನಿಂತಲ್ಲೇ ನಿಂತಿದ್ದರೆ ಅದು ಹಿಂದೆ ಯಾವಾಗಲೋ ಆಗಿಹೋದದ್ದರ ಗುರುತು ಇರಬಹುದು.

ಇದು ತಿಳಿಯದೆ ನಮ್ಮಲ್ಲಿ ಬಹಳ ಗೊಂದಲ ಆಗುತ್ತದೆ. ಒಂದೇ ಸಲ ಪರೀಕ್ಷೆ ಮಾಡಿಸಿ, ಪಾಸಿಟಿವ್ ಬಂತು ಎಂದು ಗಾಬರಿಯಾಗುವವರಿದ್ದಾರೆ. ಆರೇಳು ಜನರಲ್ಲಿ ಒಬ್ಬರ ರಕ್ತದಲ್ಲಿ ಹಳೆಯ ಗುರುತು ಇರುವ ಊರಿನಲ್ಲಿ ಒಂದು ಪಾಸಿಟಿವ್‌ನಿಂದ ಈಗಿನ ಜ್ವರದ ಕಾರಣ ತೀರ್ಮಾನವಾಗುವುದಿಲ್ಲ. ಇನ್ನೂ ಕೆಟ್ಟದ್ದು ಇದರ ಉಲ್ಟಾ. ಜ್ವರ ಬಂದ ಮೊದಲ ನಾಲ್ಕೈದು ದಿನ ಪ್ರತಿಕಾಯ ಇನ್ನೂ ಹುಟ್ಟಿರುವುದೇ ಇಲ್ಲ. ಆಗ ನೆಗೆಟಿವ್ ಬಂತು ಎಂದು ನಿಶ್ಚಿಂತೆಯಾಗಿ ಮಲಗಿಬಿಟ್ಟರೆ ಅಪಾಯ. ಇನ್ನೊಂದು ಮಾತು. ಈ ಪ್ರತಿಕಾಯಗಳು ಜೀವನಪೂರ್ತಿ ಇರುವುದಿಲ್ಲ. ಕೆಲವು ವರ್ಷಗಳಲ್ಲಿ ಇಳಿದುಹೋಗುತ್ತವೆ. ಹಾಗಾಗಿ ಪಾವ್ ದ ಲಿಮಾದ ಶೇಕಡಾ 15 ಕೂಡ ಕಡಿಮೆ ಲೆಕ್ಕವೇ. ಬದುಕಿನಲ್ಲಿ ಒಮ್ಮೆಯಾದರೂ ಸೋಂಕು ತಗುಲಿದವರು ಅದಕ್ಕಿಂತ ಜಾಸ್ತಿ.

ಯಾರ ರಕ್ತದಲ್ಲಿ ಸಿಕ್ಕಿತು ಎನ್ನುವುದು ಇನ್ನಷ್ಟು ಮುಖ್ಯ. ತೆರೆದ ಚರಂಡಿಯ ಹತ್ತಿರ ಇರುವವರು. ನೀರು ನುಗ್ಗುವ ತಗ್ಗಿನ ಮನೆಯವರು. ಮನೆಯ ಸುತ್ತ ಇಲಿ ಕಾಣುತ್ತದೆ ಎಂದು ಹೇಳಿದವರು. ಒಂದೇ ಬಡಾವಣೆ, ಒಂದೇ ಮಳೆ, ಆದರೂ ಇಳಿಜಾರಿನ ಮೇಲಿನ ಮನೆಗೂ ಕೆಳಗಿನ ಮನೆಗೂ ವ್ಯತ್ಯಾಸ. ಇದೆಲ್ಲ ನಿರೀಕ್ಷಿಸಿದ್ದೇ. ನನ್ನನ್ನು ತಡೆದು ನಿಲ್ಲಿಸಿದ್ದು ದುಡ್ಡಿನ ಲೆಕ್ಕ. ಅಲ್ಲಿ ತಲಾ ಆದಾಯ ದಿನಕ್ಕೆ ಒಂದು ಡಾಲರ್ ಹೆಚ್ಚಾದಂತೆ ಸೋಂಕಿನ ಅಪಾಯ ಶೇಕಡಾ 11ರಷ್ಟು ಇಳಿಯುತ್ತಿತ್ತು. ಚರಂಡಿ, ಇಲಿ, ತಗ್ಗು ಇವೆಲ್ಲವನ್ನೂ ಲೆಕ್ಕದಲ್ಲಿ ಬದಿಗಿಟ್ಟ ಮೇಲೂ ಇದು ಉಳಿಯಿತು. ಬಡವರ ನಡುವೆಯೂ ಇನ್ನೂ ಬಡವರಾದವರನ್ನು ಈ ಸೋಂಕು ಹೆಚ್ಚು ಹಿಡಿಯುತ್ತದೆ. ಯಾರ ಕಾಲಿಗೆ ಬೂಟು ಇಲ್ಲ, ಕಟ್ಟಿಕೊಂಡ ಚರಂಡಿಯನ್ನು ಬರಿಗೈಯಲ್ಲಿ ಬಿಡಿಸುವವರು ಯಾರು ಎಂದು ಯೋಚಿಸಿದರೆ ಇದು ಅರ್ಥವಾಗುತ್ತದೆ, ಅಲ್ವಾ?

ಇಲಿ ಕಚ್ಚಿದರೆ ಇಲಿ ಜ್ವರ ಬರುತ್ತದೆ ಎಂದು ಈಗಲೂ ನಂಬುವವರಿದ್ದಾರೆ. ಕಚ್ಚುವುದೇ ಬೇಡ. ಬ್ಯಾಕ್ಟೀರಿಯಾ ಇಲಿಯ ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ಪದರ ಕಟ್ಟಿ ನೆಲೆಸಿರುತ್ತದೆ. ಇಲಿಗೆ ಏನೂ ಆಗುವುದಿಲ್ಲ. ಅದು ತಿಂಗಳುಗಟ್ಟಲೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬಿಡುತ್ತಾ ಓಡಾಡಿಕೊಂಡಿರುತ್ತದೆ. ಸಾಲ್ವಡಾರ್‌ನ ಕೊಳೆಗೇರಿಗಳಲ್ಲಿ ಹಿಡಿದ ಕಂದು ಇಲಿಗಳಲ್ಲಿ ಹೆಚ್ಚಿನವು ಹೀಗೆ ಸೋಂಕು ಹೊತ್ತವೇ. ಆ ಮೂತ್ರ ಒಣಗಿದ ನೆಲಕ್ಕೆ ಬಿದ್ದರೆ ಬ್ಯಾಕ್ಟೀರಿಯಾ ಬೇಗ ಸಾಯುತ್ತದೆ. ಒದ್ದೆ ಮಣ್ಣು, ಕೆಸರು, ನಿಂತ ನೀರು ಸಿಕ್ಕರೆ ವಾರಗಟ್ಟಲೆ ಬದುಕುತ್ತದೆ. ಕಾಲಿನ ಸಣ್ಣ ಗಾಯ, ಬಿರುಕು ಬಿಟ್ಟ ಹಿಮ್ಮಡಿ, ನೀರಲ್ಲಿ ನೆನೆದು ಮೆತ್ತಗಾದ ಚರ್ಮ, ಕಣ್ಣು, ಬಾಯಿ ಇಷ್ಟು ಸಾಕು ಒಳಗೆ ಬರಲು.

1996ರಲ್ಲಿ ಸಾಲ್ವಡಾರ್‌ನಲ್ಲಿ ಇದು ದೊಡ್ಡದಾಗಿ ಹಬ್ಬಿತ್ತು. ಮಾರ್ಚ್‌ನಿಂದ ನವೆಂಬರ್ ಒಳಗೆ 326 ಮಂದಿ ಆಸ್ಪತ್ರೆ ಸೇರಿದರು. ಅವರಲ್ಲಿ ಶೇಕಡಾ 15ರಷ್ಟು ಜನ ಸತ್ತರು. ಅದೇ ಹೊತ್ತಿಗೆ ಊರಿನಲ್ಲಿ ಡೆಂಗಿಯೂ ಇತ್ತು. ಹಲವರಿಗೆ ಮೊದಲ ಭೇಟಿಯಲ್ಲಿ ಡೆಂಗಿ ಎಂದೇ ಹೇಳಿ ಕಳಿಸಿದ್ದರು. ಔಷಧಿ ಕೊಡಬೇಕಾದ ದಿನಗಳು ಹಾಗೇ ಕಳೆದುಹೋದವು.

ಈ ಗೊಂದಲಕ್ಕೆ ಒಂದು ಶತಮಾನದ ಇತಿಹಾಸವಿದೆ. 1886ರಲ್ಲಿ ಜರ್ಮನಿಯ ಅಡಾಲ್ಫ್ ವೈಲ್ ಜ್ವರ, ಕಾಮಾಲೆ, ಮೂತ್ರಪಿಂಡದ ತೊಂದರೆ ಒಟ್ಟಿಗೆ ಬರುವ ಕಾಯಿಲೆಯನ್ನು ವಿವರಿಸಿದರು. ಕಾರಣ ಗೊತ್ತಿರಲಿಲ್ಲ. 1907ರಲ್ಲಿ ಅಮೆರಿಕದ ಸ್ಟಿಮ್ಸನ್ ಎಂಬವರು ಹಳದಿ ಜ್ವರದಿಂದ (ಸೊಳ್ಳೆಯಿಂದ ಹರಡುವ ಯೆಲ್ಲೋ ಫೀವರ್) ಸತ್ತರು ಎಂದುಕೊಂಡಿದ್ದ ರೋಗಿಯೊಬ್ಬರ ಮೂತ್ರಪಿಂಡದಲ್ಲಿ ಈ ಸುರುಳಿಗಳನ್ನು ಕಂಡರು. 1915ರ ಹೊತ್ತಿಗೆ ಜಪಾನಿನ ಇನಾಡಾ ಮತ್ತು ಇಡೊ ಕಲ್ಲಿದ್ದಲು ಗಣಿ ಕಾರ್ಮಿಕರಲ್ಲಿ ಇದನ್ನು ಪತ್ತೆ ಹಚ್ಚಿದರು. ಇಲಿಗಳೇ ಇದನ್ನು ಹೊತ್ತು ತಿರುಗುತ್ತವೆ ಎಂದೂ ಆ ತಂಡ ತೋರಿಸಿತು. ಅಷ್ಟಾದ ಮೇಲೂ ಹಿಡೆಯೊ ನೊಗುಚಿ ಎಂಬ ಹೆಸರಾಂತ ವಿಜ್ಞಾನಿ 1918ರಲ್ಲಿ ಎಕ್ವಡಾರ್‌ಗೆ ಹೋಗಿ, ಹಳದಿ ಜ್ವರಕ್ಕೆ ಲೆಪ್ಟೋಸ್ಪೈರಾವೇ ಕಾರಣ ಎಂದು ಸಾರಿದರು. ಅವರು ನೋಡಿದ ರೋಗಿಗಳಲ್ಲಿ ಇಲಿ ಜ್ವರದವರೂ ಬೆರೆತಿದ್ದಿರಬೇಕು. ಎರಡರಲ್ಲೂ ಕಣ್ಣು ಹಳದಿಯಾಗುತ್ತದಲ್ಲ! ಕೊನೆಗೆ ಹಳದಿ ಜ್ವರಕ್ಕೆ ವೈರಸ್ ಕಾರಣ ಎಂದು ಸಾಬೀತಾಯಿತು. ಆ ವೈರಸ್ಸನ್ನು ಬೇರ್ಪಡಿಸಿದ ತಂಡದ ಏಡ್ರಿಯನ್ ಸ್ಟೋಕ್ಸ್ 1927ರಲ್ಲಿ ಲಾಗೋಸ್‌ನಲ್ಲಿ ಹಳದಿ ಜ್ವರಕ್ಕೇ ಬಲಿಯಾದರು. ಇದೇ ಸ್ಟೋಕ್ಸ್ ಮೊದಲ ಮಹಾಯುದ್ಧದಲ್ಲಿ ಕಂದಕದ ಕೆಸರಿನಲ್ಲಿ ನಿಂತ ಸೈನಿಕರ ಇಲಿ ಜ್ವರದ ಬಗ್ಗೆ ಬರೆದವರು. ಮರುವರ್ಷ ನೊಗುಚಿಯೂ ಆಫ್ರಿಕಾದ ಅಕ್ರಾದಲ್ಲಿ ಅದೇ ಹಳದಿ ಜ್ವರದಿಂದ ತೀರಿಕೊಂಡರು.

ನಮ್ಮ ದೇಶದ ಕಥೆಯೂ ಬೇರೆಯಲ್ಲ. ಅಂಡಮಾನ್‌ನಲ್ಲಿ ವರ್ಷಗಟ್ಟಲೆ ಕಾರಣ ತಿಳಿಯದ ರಕ್ತಸ್ರಾವದ ಜ್ವರ ಕಾಡುತ್ತಿತ್ತು. ಅದೂ ಇಲಿ ಜ್ವರವೇ ಎಂದು ಗೊತ್ತಾದದ್ದು 1990ರ ದಶಕದಲ್ಲಿ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಜನ ಎದೆಮಟ್ಟದ ನೀರಲ್ಲಿ ಗಂಟೆಗಟ್ಟಲೆ ನಡೆದು ಮನೆ ಸೇರಿದರು. ಮುಂದಿನ ವಾರಗಳಲ್ಲಿ ಆಸ್ಪತ್ರೆಗಳಿಗೆ ಇಲಿ ಜ್ವರದವರು ಬರತೊಡಗಿದರು. ಸೋಂಕು ತಗುಲಿ ಜ್ವರ ಬರಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಅಷ್ಟರಲ್ಲಿ ನೀರು ಇಳಿದಿರುತ್ತದೆ, ಟಿವಿಯವರು ಹೋಗಿರುತ್ತಾರೆ. ಬೆಂಗಳೂರಿನ ರಾಜಕಾಲುವೆ ಉಕ್ಕಿ ಮನೆಗೆ ನೀರು ನುಗ್ಗಿದಾಗಲೂ ನಾವು ಹಾಳಾದ ಫ್ರಿಜ್ಜು, ಬೈಕಿನ ಲೆಕ್ಕ ಹಾಕುತ್ತೇವೆ. ಎರಡು ವಾರ ಬಿಟ್ಟು ಬರುವ ಜ್ವರದ ಲೆಕ್ಕ ಯಾರೂ ಹಾಕುವುದಿಲ್ಲ. ಮರುದಿನ ಆ ಕೆಸರನ್ನು ಬಳಿದು ಎತ್ತುವ ಪೌರಕಾರ್ಮಿಕರ ಲೆಕ್ಕವಂತೂ ದೂರದ ಮಾತು.

ಇಲಿ ಪಾಷಾಣ ಇಟ್ಟರೆ ಮುಗಿಯಿತು ಎನ್ನುವವರಿಗೂ ಒಂದು ಮಾತು. ಕಸ ಹಾಗೇ ಇದ್ದು, ಮೋರಿ ತೆರೆದೇ ಇದ್ದರೆ ಸತ್ತ ಇಲಿಗಳ ಜಾಗ ಕೆಲವೇ ತಿಂಗಳಲ್ಲಿ ತುಂಬಿಕೊಳ್ಳುತ್ತದೆ. ಉಳಿದವುಗಳಿಗೆ ತಿನ್ನಲು ಜಾಸ್ತಿ ಸಿಗುತ್ತದೆ, ಮರಿಗಳೂ ಜಾಸ್ತಿ.

ನನಗೆ ಹೆಚ್ಚು ಹೆದರಿಕೆ ಇರುವುದು ಕಾಮಾಲೆಯ ನಾಟಿ ಔಷಧಿ ಬಗ್ಗೆ. ಕಣ್ಣು ಹಳದಿಯಾದ ಕೂಡಲೇ ಸೊಪ್ಪಿನ ರಸ ಕುಡಿಸುವುದು, ಮಂತ್ರ ಹಾಕಿಸುವುದು, ಉಪ್ಪು-ಎಣ್ಣೆ ಬಿಡಿಸುವುದು ನಮ್ಮಲ್ಲಿ ಇನ್ನೂ ನಡೆಯುತ್ತದೆ. ಕೆಲವು ಬಗೆಯ ಕಾಮಾಲೆ ತಾನಾಗಿಯೇ ವಾಸಿಯಾಗುತ್ತದೆ, ಹೆಸರು ಸೊಪ್ಪಿಗೆ ಬರುತ್ತದೆ. ಇಲಿ ಜ್ವರದಲ್ಲಿ ಕಣ್ಣು ಹಳದಿಯಾಯಿತು ಅಂದರೆ ಕಾಯಿಲೆ ಆಗಲೇ ಯಕೃತ್ತಿಗೆ ಇಳಿದಿದೆ ಎಂದರ್ಥ. ಮೂತ್ರಪಿಂಡ, ಶ್ವಾಸಕೋಶಕ್ಕೂ ಇಳಿಯಬಹುದು. ಅಲ್ಲಿ ಒಂದೊಂದು ದಿನಕ್ಕೂ ಬೆಲೆ ಇದೆ. ಶುರುವಿನಲ್ಲೇ ಹಿಡಿದರೆ ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ನಂಥ ಹಳೆಯ, ಅಗ್ಗದ ಔಷಧಿಗಳೇ ಸಾಕಾಗುತ್ತವೆ. 2018ರ ಪ್ರವಾಹದ ನಂತರ ಕೇರಳದಲ್ಲಿ ನೀರಿಗಿಳಿದು ಕೆಲಸ ಮಾಡುವವರಿಗೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಮುಂಚಿತವಾಗಿಯೇ ಹಂಚಿದ್ದರು.

ಮಳೆನೀರು ನುಗ್ಗಿದ ಬೀದಿಯಲ್ಲಿ ನಡೆದಿದ್ದರೆ, ಮೋರಿ ಬಿಡಿಸಿದ್ದರೆ, ತಿಂಗಳೊಳಗೆ ಜ್ವರ ಬಂದಾಗ ಅದನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ಮೀನಖಂಡದಲ್ಲಿ ಮುಟ್ಟಿದರೆ ನೋವು, ಕೀವಿಲ್ಲದೆ ಕೆಂಪಾದ ಕಣ್ಣು ಇದ್ದರೆ ಅದನ್ನೂ ಹೇಳಿ. ಡೆಂಗಿ ಪರೀಕ್ಷೆಯ ಜೊತೆ ಇದನ್ನೂ ನೋಡಬೇಕೇ ಎಂದು ಕೇಳಿ. ಮೂತ್ರ ಕಡಿಮೆಯಾದರೆ, ಕೆಮ್ಮಿದಾಗ ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯದೆ ದೊಡ್ಡಾಸ್ಪತ್ರೆಗೆ ಹೊರಡಿ.