ಪದ ಪರಿಚಯ: ಹಿಮ್ಮುಖ ರೂಪಾಂತರ

ನೆಲದಾಳಕ್ಕೆ ಇಳಿದ ಕಲ್ಲು ಒತ್ತಡ, ಶಾಖಕ್ಕೆ ಸಿಕ್ಕಿ ಬದಲಾಗುತ್ತದೆ. ಇದನ್ನು ಶಾಲೆಯಲ್ಲೇ ಓದಿದ್ದೇವೆ. ಅದೇ ಕಲ್ಲು ಮೇಲೆ ಬರುವಾಗ ಮತ್ತೊಮ್ಮೆ ಬದಲಾಗುತ್ತದಲ್ಲ, ಅದೇ ಹಿಮ್ಮುಖ ರೂಪಾಂತರ, ಅಂದರೆ ರೆಟ್ರೊಗ್ರೇಡ್ ಮೆಟಮಾರ್ಫಿಸಂ. ಶಿರಸಿ, ಕುಮಟಾ ಕಡೆಯವರಿಗೆ ಮೊದಲೇ ಹೇಳಿಬಿಡುತ್ತೇನೆ: ನಮ್ಮ ಚಿರೇಕಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಅದು ಮಳೆ, ಬಿಸಿಲಿಗೆ ಮೇಲ್ಮೈಯಲ್ಲೇ ಆದದ್ದು.

ಎಕ್ಲೋಗೈಟ್ ತೆಗೆದುಕೊಳ್ಳಿ. ಕಡಲ ತಳದ ಬಸಾಲ್ಟ್, ಒಂದು ಭೂಫಲಕ ಇನ್ನೊಂದರ ಅಡಿಗೆ ಜಾರುವಾಗ ಅದರ ಜೊತೆಗೇ ಇಳಿದು, ಆಳದ ಒತ್ತಡಕ್ಕೆ ಕೆಂಪು ಗಾರ್ನೆಟ್ ಮತ್ತು ಹಸಿರು ಓಂಫಸೈಟ್ ಎಂಬ ಖನಿಜಗಳು ತುಂಬಿದ ಭಾರದ ಕಲ್ಲಾಗುತ್ತದೆ. ಅದೇ ಎಕ್ಲೋಗೈಟ್. ನೋಡೋಕೆ ಬಹಳ ಚಂದ. ಬಸಾಲ್ಟ್‌ನಲ್ಲಿದ್ದ ಫೆಲ್ಡ್‌ಸ್ಪಾರ್ ಎಂಬ ಖನಿಜ ಅಷ್ಟು ಒತ್ತಡದಲ್ಲಿ ಉಳಿಯುವುದಿಲ್ಲ.

ಮೇಲೆ ಬರುವಾಗ ಒತ್ತಡ ಇಳಿಯುತ್ತದೆ, ಫೆಲ್ಡ್‌ಸ್ಪಾರ್ ಮತ್ತೆ ಹುಟ್ಟುತ್ತದೆ. ಓಂಫಸೈಟ್ ಒಡೆದು, ಅದರೊಳಗಿನ ಸೋಡಿಯಂ ಫೆಲ್ಡ್‌ಸ್ಪಾರ್‌ಗೆ ಸೇರಿ, ಸೂಕ್ಷ್ಮದರ್ಶಕದಲ್ಲಿ ಎರೆಹುಳುಗಳು ಹೆಣೆದುಕೊಂಡಂತೆ ಕಾಣುವ ಸಿಂಪ್ಲೆಕ್ಟೈಟ್ ಆಗುತ್ತದೆ. ಗಾರ್ನೆಟ್ ಸುತ್ತ ಆಂಫಿಬೋಲ್ ಎಂಬ ಕಪ್ಪು ಖನಿಜದ ಬಳೆ ಬೆಳೆಯುತ್ತದೆ. ಇನ್ನೂ ಮೇಲೆ, ಇನ್ನೂ ತಂಪಿನಲ್ಲಿ, ಕ್ಲೋರೈಟ್ ಎಂಬ ಹಸಿರು ಖನಿಜ ಬಂದು ಕಲ್ಲು ಹಸಿರಾಗುತ್ತದೆ.

ಹಾಗಾದರೆ ಎಕ್ಲೋಗೈಟ್ ಪೂರ್ತಿ ಅಳಿದು ಹೋಗಬೇಕಿತ್ತು, ಅಲ್ವಾ? ಇಲ್ಲಿ ಮುಖ್ಯವಾದದ್ದು ನೀರು. ಇಳಿಯುವಾಗ ಶಾಖಕ್ಕೆ ಖನಿಜಗಳೊಳಗಿನ ನೀರು ಹೊರಗೆ ಹೋಗಿರುತ್ತದೆ. ಆಂಫಿಬೋಲ್, ಕ್ಲೋರೈಟ್ ಬೆಳೆಯಲು ನೀರು ಬೇಕೇ ಬೇಕು. ಅದು ಹೊರಗಿನಿಂದ ಬಿರುಕುಗಳ ಮೂಲಕ ಬರಬೇಕು. ಹಾಗಾಗಿ ಎಷ್ಟೋ ಬಂಡೆಗಳಲ್ಲಿ ಅಂಚು, ಬಿರುಕಿನ ಪಕ್ಕ ಕಪ್ಪಾಗಿರುತ್ತದೆ, ನಡುವೆ ಕೆಂಪು-ಹಸಿರು ಹಾಗೇ ಇರುತ್ತದೆ. ಬೇಗ ಮೇಲೆ ಬಂದು ತಣ್ಣಗಾದರೆ ಉಳಿಯುವುದು ಜಾಸ್ತಿ.

ಗಾರ್ನೆಟ್ ಗಟ್ಟಿ. ತನ್ನೊಳಗೆ ಸಿಕ್ಕಿದ್ದನ್ನು ಸುಲಭಕ್ಕೆ ಬಿಡುವುದಿಲ್ಲ. 1984ರಲ್ಲಿ ಆಲ್ಪ್ಸ್‌ನ ಗಾರ್ನೆಟ್ ಒಳಗೆ ಕೋಸೈಟ್ ಸಿಕ್ಕಿತು. ಇದು ಸ್ಫಟಿಕದ್ದೇ (ಕ್ವಾರ್ಟ್ಜ್) ಒತ್ತಿದ ರೂಪ, ಸುಮಾರು 90 ಕಿ.ಮೀ. ಆಳಕ್ಕೆ ಹೋಗಿ ಬಂದದ್ದಕ್ಕೆ ಸಾಕ್ಷಿ. ಅದು ಮತ್ತೆ ಸ್ಫಟಿಕವಾಗುವಾಗ ಸುಮಾರು 10% ಉಬ್ಬುತ್ತದೆ, ಗಾರ್ನೆಟ್ ಸುತ್ತಲೂ ಕಿರಣಗಳ ಹಾಗೆ ಬಿರುಕು ಬಿಡುತ್ತದೆ. ಲಡಾಖ್‌ನ ತ್ಸೋ ಮೊರಿರಿ ಸರೋವರದ ಹತ್ತಿರದ ಎಕ್ಲೋಗೈಟ್‌ನಲ್ಲೂ ಕೋಸೈಟ್ ಇದೆ. ನಮ್ಮ ಭೂಫಲಕದ ಮುಂಚೂಣಿ ಏಷ್ಯಾದ ಅಡಿಗೆ ಅಷ್ಟು ಆಳಕ್ಕೆ ಹೋಗಿತ್ತು ಅನ್ನೋದಕ್ಕೆ ಬೇರೆ ಪುರಾವೆ ಬೇಕೇ!

ಕಾರವಾರದ ದಂಡೆಯಲ್ಲಿ ಸುಮ್ನೆ ಎಕ್ಲೋಗೈಟ್ ಹುಡುಕಬೇಡಿ. ಇಲ್ಲಿ ಬಹುಪಾಲು ಹಳೆಯ ನೈಸ್ (ಪಟ್ಟೆ ಪಟ್ಟೆಯ ಕಲ್ಲು), ಗ್ರಾನೈಟ್. ಆದರೆ ಹಿಮ್ಮುಖ ರೂಪಾಂತರ ಇಂಥ ಕಲ್ಲಿನಲ್ಲೂ ನಡೆಯುತ್ತದೆ: ನೀರು ಹರಿದ ಬಿರುಕಿನ ಪಕ್ಕ ಬಯೋಟೈಟ್ ಎಂಬ ಕಪ್ಪು ಅಭ್ರಕ ಹಸಿರು ಕ್ಲೋರೈಟ್ ಆಗಬಹುದು. ನೋಡುವುದಾದರೆ ಹೊಸದಾಗಿ ಒಡೆದ ಮುಖವನ್ನೇ ನೋಡಿ, ನಮ್ಮೂರ ಮಳೆಗೆ ಪಾಚಿ ಹಿಡಿದು ಎಲ್ಲ ಕಲ್ಲೂ ಹಸಿರೇ.