ಪಿಕಪ್ ಗಾಡಿಯ ಕ್ರೌನ್‌ಗೆ ಬರೀ ‘90 ನಂಬರ್’ ಸಾಲದು

ನಿಪ್ಪಾಣಿ, ಚಿಕ್ಕೋಡಿ ಕಡೆಯಿಂದ ತರಕಾರಿ ಹೇರಿಕೊಂಡು ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡ್‌ಗೆ ಬರುವ ಪಿಕಪ್ ಡ್ರೈವರ್‌ಗಳು ಗ್ಯಾರೇಜಿಗೆ ಬಂದರೆ ಹೇಳೋದು ಒಂದೇ ಮಾತು: “ಅಣ್ಣಾರ, ಕ್ರೌನ್‌ಗೆ 90 ನಂಬರ್ ಆಯಿಲ್ ಹಾಕಿಬಿಡ್ರಿ.” ಕ್ರೌನ್ ಅಂದರೆ ಹಿಂದಿನ ಚಕ್ರಗಳನ್ನು ತಿರುಗಿಸುವ ದೊಡ್ಡ ಗೇರ್. 90 ಅನ್ನೋದು ಎಣ್ಣೆ ಎಷ್ಟು ಮಂದ ಅಂತ ಮಾತ್ರ ಹೇಳುತ್ತದೆ. ಗೇರಿನ ಹಲ್ಲನ್ನು ಅದು ಎಷ್ಟು ಕಾಪಾಡುತ್ತದೆ ಅಂತ ತಿಳಿಯಬೇಕಾದರೆ ಡಬ್ಬಿಯ ಮೇಲೆ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ದರ್ಜೆ ಜಿಎಲ್-4 ಇದೆಯೋ, ಜಿಎಲ್-5 ಇದೆಯೋ ನೋಡಬೇಕು. ನಾನು ಮೊದಲು ನೋಡೋದು ಅದನ್ನೇ.

ಹಿಂದಿನ ಆಕ್ಸಲ್‌ನಲ್ಲಿರುವ ಕ್ರೌನ್-ಪಿನಿಯನ್ ಸಾಮಾನ್ಯವಾಗಿ ಹೈಪಾಯ್ಡ್ ಜಾತಿಯದು. ಪಿನಿಯನ್, ಅಂದರೆ ಕ್ರೌನನ್ನು ತಿರುಗಿಸುವ ಚಿಕ್ಕ ಗೇರ್, ಕ್ರೌನ್‌ನ ಮಧ್ಯಕ್ಕೆ ಸರಿಯಾಗಿ ಇರುವುದಿಲ್ಲ, ತುಸು ಕೆಳಗೆ ಕೂತಿರುತ್ತದೆ. ಹಾಗಾಗಿ ಹಲ್ಲುಗಳು ಒಂದರ ಮೇಲೊಂದು ಉಜ್ಜಿಕೊಂಡೇ ತಿರುಗುತ್ತವೆ. ತುಂಬಿದ ಗಾಡಿ ಘಾಟ್ ಹತ್ತುವಾಗ ಆ ಒತ್ತಡಕ್ಕೆ ಹಲ್ಲುಗಳ ನಡುವಿನ ಎಣ್ಣೆ ಹಿಂಡಿ ಹೊರಗೆ ಹೋಗುತ್ತದೆ. ಆಗ ಕಬ್ಬಿಣಕ್ಕೆ ಕಬ್ಬಿಣ ಕಚ್ಚದಂತೆ ತಡೆಯೋದು ಎಣ್ಣೆಯಲ್ಲಿ ಬೆರೆಸಿರುವ ಗಂಧಕ, ರಂಜಕದ ಇಪಿ (ಅತಿ ಒತ್ತಡ ತಡೆಯುವ) ಅಡಿಟಿವ್. ಕಾದ ಹಲ್ಲಿನ ಮೇಲೆ ಅದು ತೆಳುವಾದ ಪೊರೆ ಕಟ್ಟುತ್ತದೆ. ಜಿಎಲ್-5ರಲ್ಲಿ ಇದು ಜಾಸ್ತಿ ಇರುತ್ತದೆ, ಹೈಪಾಯ್ಡ್‌ಗೆ ಅದೇ ಬೇಕು.

ಹಾಗಂತ ಅದೇ ಎಣ್ಣೆಯನ್ನು ಗೇರ್‌ಬಾಕ್ಸಿಗೂ ಸುರಿಯಬೇಡಿ. ಗೇರ್ ಬದಲಿಸುವಾಗ ವೇಗ ಸರಿಹೊಂದಿಸುವ ಅಲ್ಲಿನ ಸಿಂಕ್ರೊ ರಿಂಗ್‌ಗಳು ಹೆಚ್ಚಾಗಿ ಹಿತ್ತಾಳೆಯವು. ಅವಕ್ಕೆ ಈ ಅಡಿಟಿವ್ ಜಾಸ್ತಿಯಾದರೆ ಆಗಿಬರುವುದಿಲ್ಲ, ಗೇರ್ ಬೀಳೋದು ಬಿಗಿಯಾಗುತ್ತದೆ. ಬಹಳಷ್ಟು ಗಾಡಿಗಳ ಗೇರ್‌ಬಾಕ್ಸಿಗೆ ಕಂಪನಿ ಜಿಎಲ್-4 ಹೇಳೋದು ಇದಕ್ಕೇ. ಒಂದೇ ಬ್ಯಾರಲ್‌ನಿಂದ ಎರಡಕ್ಕೂ ತುಂಬುವ ಪದ್ಧತಿ ನಿಲ್ಲಬೇಕು.

ಇನ್ನು ಮಂದದ ವಿಷಯ. 80ಡಬ್ಲ್ಯು-90ರಲ್ಲಿ ಮೊದಲ ಅಂಕಿ ಚಳಿಯದು. 80ಡಬ್ಲ್ಯು ಎಣ್ಣೆಯನ್ನು ಮೈನಸ್ 26 ಡಿಗ್ರಿಯಲ್ಲಿ ಪರೀಕ್ಷೆ ಮಾಡುತ್ತಾರೆ. ಪುಣೆಯಲ್ಲಿ ಅಂಥ ಚಳಿ ಎಲ್ಲಿ ಬರುತ್ತೆ? ನಮಗೆ ಮುಖ್ಯವಾದದ್ದು ಎರಡನೇ ಅಂಕಿ. 100 ಡಿಗ್ರಿ ಬಿಸಿಯಲ್ಲಿ 90ರ ಮಂದ 13.5ರಿಂದ 18.5 ಸೆಂಟಿಸ್ಟೋಕ್ (ಮಂದ ಅಳೆಯುವ ಮಾನ), 140ರದ್ದು 24ರಿಂದ 32.5. ಮ್ಯಾನ್ಯುಯಲ್‌ನಲ್ಲಿ 85ಡಬ್ಲ್ಯು-140 ಅಂತಿದ್ದರೆ ಧಾರಾಳವಾಗಿ ಹಾಕಿ. ಆದರೆ ಕ್ರೌನ್ ಗುಂಯ್ ಅನ್ನುತ್ತೆ ಅಂತ 140 ಹಾಕಿಸಿಕೊಂಡು ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ. ಸದ್ದು ಸ್ವಲ್ಪ ಅಡಗಬಹುದು. ಸವೆದ ಬೇರಿಂಗ್, ತಪ್ಪಿದ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಂದಿ) ಮಾತ್ರ ಒಳಗೆ ಹಾಗೇ ಇರುತ್ತವೆ. ಕೊನೆಗೆ ಕ್ರೌನ್-ಪಿನಿಯನ್ ಜೋಡಿಯನ್ನೇ ಬದಲಿಸುವ ಖರ್ಚು ಬರುತ್ತದೆ. ಎಲ್‌ಎಸ್‌ಡಿ (ಒಂದೇ ಚಕ್ರ ಜಾರಿ ತಿರುಗದಂತೆ ತಡೆಯುವ ಡಿಫರೆನ್ಷಿಯಲ್) ಇರುವ ಗಾಡಿಗೆ ಅದಕ್ಕೆಂದೇ ಮಾಡಿದ ಎಣ್ಣೆ ಬೇರೆ ಇದೆ, ಅದನ್ನೇ ಕೇಳಿ ತನ್ನಿ.

ಎಣ್ಣೆ ಬದಲಿಸುವಾಗ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ. ಕೆಳಗಿನದನ್ನು ಮೊದಲು ಬಿಚ್ಚಿ ಎಣ್ಣೆಯೆಲ್ಲ ಖಾಲಿಯಾದ ಮೇಲೆ ಮೇಲಿನದು ಜಾಮ್ ಆಗಿದೆ ಅಂತ ಗೊತ್ತಾದರೆ ಗಾಡಿ ಅಲ್ಲೇ ನಿಲ್ಲಬೇಕಾಗುತ್ತದೆ. ಡ್ರೇನ್ ಪ್ಲಗ್‌ನಲ್ಲಿ ಮ್ಯಾಗ್ನೆಟ್ ಇದ್ದರೆ ಒರೆಸುವ ಮುಂಚೆ ಬೆರಳಲ್ಲಿ ತಿಕ್ಕಿ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಹೆದರಬೇಕಾಗಿಲ್ಲ, ಅದು ದಿನದ ಸವೆತ. ಉಗುರಿಗೆ ತಾಗುವ ಚೂರು ಸಿಕ್ಕರೆ ಹೌಸಿಂಗ್ ಬಿಚ್ಚಲೇಬೇಕು.

ಮಳೆಗಾಲದಲ್ಲಿ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತಲೇ ಲೆಕ್ಕ. ಕಾದ ಆಕ್ಸಲ್ ನೀರಿಗಿಳಿದಾಗ ಒಳಗಿನ ಗಾಳಿ ತಣಿದು ಕುಗ್ಗುತ್ತದೆ, ಸೀಲ್ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಆ ಎಣ್ಣೆಯನ್ನು ಕಿಲೋಮೀಟರ್ ಲೆಕ್ಕ ನೋಡದೆ ಚೆಲ್ಲಿಸಿ. ಆಕ್ಸಲ್ ಮೇಲಿನ ಪುಟ್ಟ ಬ್ರೀದರ್ (ಗಾಳಿಕಿಂಡಿ) ಕೆಸರಿನಿಂದ ಕಟ್ಟಿಕೊಂಡಿದೆಯಾ ಅಂತಲೂ ಆಗಲೇ ನೋಡಿಬಿಡಿ. ಹೊಸ ಎಣ್ಣೆಯನ್ನು ಗಾಡಿ ಸಮತಟ್ಟು ಜಾಗದಲ್ಲಿ ನಿಂತಿರುವಾಗ ಫಿಲ್ಲರ್ ತೂತಿನ ಕೆಳ ಅಂಚಿಗೆ ಬರುವಷ್ಟು ತುಂಬಿದರೆ ಸಾಕು. “ಇನ್ನೊಂದಿಷ್ಟು ಇರಲಿ” ಅಂತ ಜಾಸ್ತಿ ತುಂಬಿದರೆ ಅದು ಸೀಲ್ ದಾಟಿ ಹಿಂದಿನ ಬ್ರೇಕ್ ಡ್ರಮ್ಮಿಗೆ ಇಳಿಯುತ್ತದೆ, ಘಾಟ್ ಇಳಿಯುವಾಗ ಬ್ರೇಕ್ ಹಿಡಿಯುವುದಿಲ್ಲ.